ಕಲಬುರಗಿ ಬಿಸಿಲಲ್ಲಿ ಅರ್ಧ-ಅರ್ಧ ಪ್ಯಾರಾಫಿನ್ ಮುಲಾಮು
ಹುಟ್ಟಿನಿಂದಲೋ ಎಳವೆಯಿಂದಲೋ ಚರ್ಮ ಮೀನಿನ ಹುರುಪೆಯಂತಿರುವ ಇಕ್ತಿಯೋಸಿಸ್ ಮಕ್ಕಳಿಗೆ ದಿನಬಳಕೆಗೆ ಒಳ್ಳೆಯ ಮುಲಾಮು. ಬಿಳಿ ಮೆದು ಪ್ಯಾರಾಫಿನ್ (ಪೆಟ್ರೋಲಿಯಂ ಜೆಲ್ಲಿ) 50 ಭಾಗ, ದ್ರವ ಪ್ಯಾರಾಫಿನ್ 50 ಭಾಗ, ಅಷ್ಟೇ. ವಾಸನೆಯಿಲ್ಲ, ಅಂಟು ಮಾತ್ರ ವಿಪರೀತ, ದಿಂಬಿನ ಕವರ್ ಹೋಯಿತೆಂದೇ ತಿಳಿಯಿರಿ.

ಸ್ನಾನವಾದ 3 ನಿಮಿಷದೊಳಗೆ, ಟವೆಲ್ ಒತ್ತಿ ಒರೆಸಿದ ಹಸಿ ಮೈಗೇ, ಕೂದಲು ಬೆಳೆಯುವ ದಿಕ್ಕಿನಲ್ಲಿ ಸವರಬೇಕು. ಗಸಗಸ ಉಜ್ಜಿದರೆ ಕೂದಲ ಬುಡ ಕಟ್ಟಿ ಗುಳ್ಳೆ ಏಳುತ್ತವೆ. ಡಬ್ಬಿಗೆ ಬೆರಳು ಅದ್ದದೆ ಚಮಚದಲ್ಲಿ ತೆಗೆಯಿರಿ.

ಫಜೀತಿ ಏಪ್ರಿಲ್, ಮೇ ತಿಂಗಳದ್ದು. ಈ ಮಕ್ಕಳಿಗೆ ಬೆವರು ಸರಿಯಾಗಿ ಹೊರಬರುವುದಿಲ್ಲ. 42 ಡಿಗ್ರಿಯಲ್ಲಿ ದಪ್ಪಗೆ ಮೆತ್ತಿದರೆ ಮೈ ಕಾದುಬಿಡುತ್ತದೆ. ಹಗಲು ತೆಳ್ಳಗೆ, ಮೇಲೊಂದು ಒದ್ದೆ ಬಟ್ಟೆ. ದಪ್ಪ ಲೇಪ ರಾತ್ರಿಗಿರಲಿ. ಮುಲಾಮು ಹೀರಿದ ಅಂಗಿಗೆ ಬೆಂಕಿ ಬೇಗ ಹತ್ತುತ್ತದೆ, ರೊಟ್ಟಿ ಒಲೆಯ ಹತ್ತಿರ ಬಿಡಬೇಡಿ. ಅಂಗಡಿಯವರು ಹುರುಪೆ ಉದುರಿಸುವ ಸ್ಯಾಲಿಸಿಲಿಕ್ ಆಮ್ಲದ ಮುಲಾಮನ್ನು ಇದರ ಬದಲು ಕೊಟ್ಟರೆ ವಾಪಸ್ ಮಾಡಿ. ಕೂಸಿನ ಚರ್ಮದಿಂದ ಅದು ರಕ್ತಕ್ಕಿಳಿಯುತ್ತದೆ.