ಪ್ಲೈವುಡ್ ರಿಬೇಟಿಗೆ ಮನೆಯಲ್ಲೇ ಮಾಡುವ ಟಿ-ಜಿಗ್: ಬೇರಿಂಗ್ ಬಿಟ್‌ಗಿಂತ ಮೇಲೇ?

ರಿಬೇಟ್ ಎಂದರೆ ಇನ್ನೊಂದು ಹಲಗೆ ಕೂರಲು ಅಂಚಿನಲ್ಲಿ ಕೊರೆಯುವ ಮೆಟ್ಟಿಲು. ರೂಟರ್ (ತಿರುಗುವ ಬಿಟ್‌ನಿಂದ ಮರ ಕೊರೆಯುವ ಯಂತ್ರ) ನೇರ ಸಾಗಲು ಆಸರೆಯಾಗುವ ಟಿ ಆಕಾರದ ಪಟ್ಟಿಯೇ ಟಿ-ಜಿಗ್. 18 ಮಿ.ಮೀ. ಪ್ಲೈನ ಮೂಲೆ ಜೋಡಣೆಗೆ ಈ ಜಿಗ್ಗೇ ಮೇಲು. ಬೇರಿಂಗ್ (ಹಲಗೆಯ ಅಂಚಿಗೆ ತಾಗಿ ಉರುಳುವ ಪುಟ್ಟ ಚಕ್ರ) ಇರುವ ರಿಬೇಟ್ ಬಿಟ್ ಸಾಮಾನ್ಯವಾಗಿ 18 ಮಿ.ಮೀ. ಅಗಲ ತಲುಪುವುದಿಲ್ಲ. ಅಂಚಿನಲ್ಲಿ ಪದರ ಟೊಳ್ಳಾಗಿದ್ದರೆ ಬೇರಿಂಗ್ ಅದರೊಳಕ್ಕೆ ಇಳಿದು ಗೆರೆಯೂ ಕೆಡುತ್ತದೆ. ಬೀರುವಿನ ಬೆನ್ನಿಗೆ 6 ಮಿ.ಮೀ. ಪ್ಲೈ ಕೂರಿಸಲು ಮಾತ್ರ ಬೇರಿಂಗ್ ಇರುವ ಬಿಟ್ ಸಲೀಸು.

ಬೇಕಾಗುವುದು ಇಷ್ಟೇ: 12 ಮಿ.ಮೀ. ಪ್ಲೈನ 75×750 ಮಿ.ಮೀ. ಉದ್ದಪಟ್ಟಿ, 18 ಮಿ.ಮೀ. ಪ್ಲೈನ 60×250 ಅಡ್ಡಪಟ್ಟಿ, 25 ಮಿ.ಮೀ.ನ ನಾಲ್ಕು ಸ್ಕ್ರೂ, ಅಂಟು. ಅಡ್ಡಪಟ್ಟಿಯನ್ನು ಉದ್ದಪಟ್ಟಿಯ ಕೆಳಗೆ ಕೂರಿಸಿ, ಮೂಲೆಮಟ್ಟ ಹಿಡಿದೇ ಬಿಗಿಯಿರಿ. 250ಕ್ಕೆ ಅರ್ಧ ಮಿ.ಮೀ. ಓರೆಯಾದರೂ 600 ಅಗಲದ ಹಲಗೆಯಲ್ಲಿ 1.2 ಮಿ.ಮೀ. ತಪ್ಪುತ್ತದೆ. ಉದ್ದಪಟ್ಟಿಯ ಕೆಳಅಂಚನ್ನು 3 ಮಿ.ಮೀ. ಕೆತ್ತಿಬಿಡಿ, ಹೊಟ್ಟು ಸಿಕ್ಕಿಕೊಂಡು ರೂಟರನ್ನು ದೂರ ತಳ್ಳುವುದಿಲ್ಲ.

ಮೊದಲ ಸಲ 12 ಮಿ.ಮೀ. ಕಾರ್ಬೈಡ್ ಬಿಟ್ ಹಾಕಿ ಅಡ್ಡಪಟ್ಟಿಯಲ್ಲೇ ಒಂದು ಕಚ್ಚು ಕೊರೆಯಿರಿ. ಇನ್ನು ಮುಂದೆ ಅಳತೆ ಬೇಡ, ಅಡ್ಡಪಟ್ಟಿಯನ್ನು ಹಲಗೆಯ ಪಕ್ಕದ ಅಂಚಿಗೆ ಒತ್ತಿ, ಕಚ್ಚಿನ ಒಳಅಂಚನ್ನು ಪೆನ್ಸಿಲ್ ಗೆರೆಗೆ ತಾಗಿಸಿ ಕ್ಲ್ಯಾಂಪ್ ಮಾಡಿದರೆ ಸಾಕು. ರೂಟರಿನ ತಳದ ಒಂದೇ ಬದಿ ಯಾವಾಗಲೂ ಪಟ್ಟಿಗೆ ಒತ್ತಿರಲಿ, ಎಷ್ಟೋ ತಳಗಳ ನಡುವೆ ಬಿಟ್ ಸರಿಯಾಗಿ ಕೂತಿರುವುದಿಲ್ಲ. ಗೆರೆಯನ್ನು ಟೇಪಿನಿಂದ ಅಳೆಯದೆ, ಜೋಡಿಸಬೇಕಾದ ಹಲಗೆಯನ್ನೇ ಇಟ್ಟು ಎಳೆಯಿರಿ. 18 ಎಂದು ಮಾರುವ ಪ್ಲೈ ಹಲವು ಸಲ ಅಷ್ಟಿರುವುದಿಲ್ಲ. ಗೆರೆಯ ಮೇಲೆ ಚಾಕು ಆಡಿಸಿದರೆ ಮೇಲ್ಪದರ ಕೀಳುವುದಿಲ್ಲ.

ಈ ಜಿಗ್‌ನ ದೊಡ್ಡ ದೋಷ ವಾಲುವುದು. 90 ಮಿ.ಮೀ. ತಳದ ಟ್ರಿಮ್ಮರಿನಲ್ಲಿ (ಚಿಕ್ಕ ರೂಟರ್) ಮರ ಹೋದಂತೆ ಪಟ್ಟಿಯ ಕಡೆ ಉಳಿಯುವ ಆಸರೆ 39 ಮಿ.ಮೀ. ಮಾತ್ರ, ಅರ್ಧಕ್ಕಿಂತ ಕಡಿಮೆ. ಯಂತ್ರ ಹೊರಕ್ಕೆ ಬಾಗಿದರೆ ರಿಬೇಟಿನ ತಳ ಓರೆ. ಹಲಗೆಯಷ್ಟೇ ಉದ್ದ, ಅಷ್ಟೇ ದಪ್ಪದ ತುಂಡನ್ನು ಹೊರಅಂಚಿಗೆ ತಾಗಿಸಿ ಕ್ಲ್ಯಾಂಪ್ ಮಾಡಿ, ಸಮಸ್ಯೆ ಮುಗಿಯಿತು.

12 ಮಿ.ಮೀ. ಬಿಟ್ ಒಂದೇ ಸಲಕ್ಕೆ 18 ಮಿ.ಮೀ. ಅಗಲ ಕೊರೆಯುವುದಿಲ್ಲ. ಅದಕ್ಕೆ 9 ಮಿ.ಮೀ. ಪ್ಲೈ ಪಟ್ಟಿಯನ್ನು ಉದ್ದಪಟ್ಟಿಯ ರೂಟರ್ ತಾಗುವ ಅಂಚಿಗೆ ಎರಡು ಬದಿಯ ಟೇಪಿನಿಂದ ಅಂಟಿಸಿ ಹೊರಭಾಗ ಮೊದಲು ಕೊರೆಯಿರಿ, ಆಮೇಲೆ ಅದನ್ನು ತೆಗೆದು ಒಳಗೆರೆ. ಒಟ್ಟು ಆಳ 9 ಮಿ.ಮೀ., ಒಂದು ಸಲಕ್ಕೆ ಮೂರರಂತೆ. ರೂಟರನ್ನು ಮುಂದಕ್ಕೆ ತಳ್ಳುವಾಗ ಉದ್ದಪಟ್ಟಿ ಎಡಕ್ಕಿರಬೇಕು. ಬಿಟ್ ಯಂತ್ರವನ್ನು ಎಡಕ್ಕೇ ಎಳೆಯುತ್ತದೆ. ಬಲಕ್ಕಿಟ್ಟರೆ ಪಟ್ಟಿ ಬಿಟ್ಟು ಓಡಿಬಿಡುತ್ತದೆ.

ಕೊಡಗಿನ ಮಳೆಗಾಲಕ್ಕೆ ಎರಡು ಎಚ್ಚರ. ಮಡಿಕೇರಿ, ವಿರಾಜಪೇಟೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಯ್ದ ಅಂಚು ತೇವ ಕುಡಿದು ಉಬ್ಬುತ್ತದೆ. ಜಿಗ್‌ನ ಎಲ್ಲ ಅಂಚಿಗೂ ಎರಡು ಕೋಟು ವಾರ್ನಿಷ್ ಬಳಿಯಿರಿ. ರಿಬೇಟ್ ತೆಗೆದ ದಿನವೇ ಅಂಟು ಹಾಕಿ ಜೋಡಿಸಿಬಿಡಿ, ಮರುದಿನಕ್ಕೆ ಬಿಟ್ಟರೆ ಅಂಚು ಉಬ್ಬಿ ಹಲಗೆ ಸರಿಯಾಗಿ ಕೂರುವುದಿಲ್ಲ. ಇನ್ನೊಂದು, ಕರೆಂಟು ಹೋದ ತಕ್ಷಣ ಸ್ವಿಚ್ ಆರಿಸಿ ರೂಟರನ್ನು ಮೇಲೆತ್ತಿ. ಆನ್ ಇದ್ದಂತೆಯೇ ಕರೆಂಟು ಮರಳಿದರೆ ಬಿಟ್ ಕಚ್ಚಿನೊಳಗೇ ತಿರುಗಲು ಶುರುಮಾಡುತ್ತದೆ.