ಫೋಟೋ ತೆಗೆಸುವ ಮುನ್ನ ಕೊಟೇಶನ್ನಿನ ಎರಡನೇ ಪುಟ ಓದಿ

ನಾನೂ ನನ್ನ ನಾದಿನಿಯೂ ಹನುಮಂತನಗರದ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇವೆ. ಮೊದಲೆರಡು ವರ್ಷ ಸೀರೆಯನ್ನು ಮಂಚದ ಮೇಲೆ ಹರಡಿ, ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದೆವು. ಕಳೆದ ದಸರಾಕ್ಕೆ ಮುಂಚೆ ನಮಗೂ ಬ್ರ್ಯಾಂಡ್ ಆಗುವ ಹುಮ್ಮಸ್ಸು ಬಂತು. ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬ ಫೋಟೋಗ್ರಾಫರ್‌ನ ಪುಟ ಕಂಡು ಮರುಳಾದೆವು. ಕಾಫಿ ಕಪ್ಪು, ಕಿಟಕಿಯ ನೆರಳು, ಯೋಚನೆಯಲ್ಲಿ ಮುಳುಗಿದ ಹುಡುಗಿಯರು. ಒಂದೇ ಒಂದು ಬಟ್ಟೆಯ ಫೋಟೋ ಅಲ್ಲಿರಲಿಲ್ಲ ಎಂಬುದು ಆಗ ತಲೆಗೇ ಹೋಗಲಿಲ್ಲ.

ಒಂದು ದಿನದ ಶೂಟಿಂಗ್‌ಗೆ ಮಾಡೆಲ್ ಸೇರಿ 45 ಸಾವಿರ ರೂಪಾಯಿ, 38 ಫೋಟೋ. ಮುಂಗಡ ಕೊಟ್ಟೆವು, ಕೊಟೇಶನ್ನಿಗೆ ಸಹಿ ಹಾಕಿದೆವು.

ಇಳಕಲ್ ಸೀರೆಯ ಜೀವವಿರುವುದು ಸೆರಗಿನಲ್ಲಿ. ಒಡಲಿನ ಹಾಸು ಎಳೆಗಳಿಗೆ, ಅಂದರೆ ಉದ್ದುದ್ದದ ನೂಲಿಗೆ, ಸೆರಗಿನ ಹಾಸು ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೆನೆಯ ವಿನ್ಯಾಸ ಎದ್ದು ನಿಲ್ಲುತ್ತದೆ. ಕೊಳ್ಳುವವರು ಮೊದಲು ಕೇಳುವುದೇ ಅದನ್ನು. ಸ್ಟುಡಿಯೊದಲ್ಲಿ ಅದೇ ಸೆರಗನ್ನು ಮೂರು ಬೆರಳಗಲಕ್ಕೆ ನೆರಿಗೆ ಹಿಡಿದು, ಭುಜದ ಮೇಲೆ ಪಿನ್ನು ಚುಚ್ಚಿ, ಹಿಂದಕ್ಕೆ ಬಿಟ್ಟರು. ನಾದಿನಿ ತಡೆಯಲಾರದೆ, "ಸರ್, ಸೆರಗನ್ನು ಬಿಚ್ಚಿ ಕೈ ಮೇಲೆ ಹರಡಿದರೆ ಚೆನ್ನಾಗಿರುತ್ತದೆ" ಎಂದಳು. "ಅದು ಹಳೆಯ ಕಾಲದ ಕ್ಯಾಟಲಾಗ್ ಮೇಡಂ. ಈಗ ಜನ ಮೂಡ್ ನೋಡುತ್ತಾರೆ" ಎಂದರು. ದುಡ್ಡು ಕೊಟ್ಟವರು ನಾವು, ಆದರೂ ತೆಪ್ಪಗೆ ಕುಳಿತೆವು. ಆ ಸಂಕೋಚಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಮುಂದಿನದು ಬಣ್ಣ. ಒಂದು ಕಡೆ ಕಿಟಕಿಯ ಬೆಳಕು, ಇನ್ನೊಂದು ಕಡೆ ಹಳದಿ ಬಲ್ಬು. ಎರಡು ಬಗೆಯ ಬೆಳಕು ಒಂದೇ ಬಟ್ಟೆಯ ಮೇಲೆ ಬಿದ್ದರೆ, ಒಂದನ್ನು ಸರಿಪಡಿಸಲು ಹೋದಾಗ ಇನ್ನೊಂದು ಕೆಡುತ್ತದೆ. ಇದರ ಮೇಲೆ ಅವರು ತಮ್ಮ ಮಾಮೂಲಿ ಫಿಲ್ಟರ್ ಬೇರೆ ಬಳಿದರು. ದಾಳಿಂಬೆ ಕೆಂಪಿನ ಸೀರೆ ಫೋಟೋದಲ್ಲಿ ಇಟ್ಟಿಗೆ ಬಣ್ಣವಾಯಿತು. ಇಟ್ಟಿಗೆ ಬಣ್ಣವೆಂದೇ ಆಸೆಪಟ್ಟು ತರಿಸಿಕೊಂಡವರು ಪೆಟ್ಟಿಗೆ ಬಿಚ್ಚಿದ ದಿನವೇ ವಾಪಸ್ ಕಳಿಸಿದರು. ಮೊದಲ ಮೂವತ್ತು ಸೀರೆಗಳಲ್ಲಿ ಹನ್ನೊಂದು ಹಿಂದಕ್ಕೆ ಬಂದವು, ಎರಡೂ ಕಡೆಯ ಕೊರಿಯರ್ ಖರ್ಚು ನಮ್ಮ ಮೇಲೆ. ಒಂದೇ ಬಗೆಯ ಬೆಳಕಿಟ್ಟು, ಬೂದು ಬಣ್ಣದ ಕಾರ್ಡೊಂದನ್ನು ಸೀರೆಯ ಪಕ್ಕದಲ್ಲಿಟ್ಟು, ಅದೇ ಬೆಳಕಿನಲ್ಲಿ ಮೊದಲ ಫೋಟೋ ತೆಗೆದಿದ್ದರೆ, ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಹಿಡಿದು ಬಣ್ಣ ಸರಿಮಾಡಬಹುದಿತ್ತು. ಕಾರ್ಡಿಗೆ ಎಷ್ಟು ಮಹಾ ಬೆಲೆ! ರಾ ಫೈಲ್, ಅಂದರೆ ಕ್ಯಾಮೆರಾದಲ್ಲಿ ದಾಖಲಾದ ತಿದ್ದದ ಮೂಲ ಫೈಲ್ ಕೇಳಿದರೆ, ಕೊಡುವ ಪದ್ಧತಿ ಇಲ್ಲ ಎಂದರು.

ಆನ್‌ಲೈನ್ ಅಂಗಡಿಗೆ ಹಾಕೋಣವೆಂದರೆ ಅಲ್ಲೂ ಪೆಟ್ಟು. ಅಮೆಜಾನ್‌ನಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ವಸ್ತು ಚೌಕಟ್ಟಿನ ಶೇ 85ರಷ್ಟನ್ನು ತುಂಬಿರಬೇಕು. ನಮ್ಮ 38ರಲ್ಲಿ ಅಂಥದ್ದು ಒಂದೂ ಇರಲಿಲ್ಲ. ಕೇಳಿರಲೂ ಇಲ್ಲ, ಅದು ನಮ್ಮದೇ ತಪ್ಪು.

ಇಷ್ಟಾದರೂ ನುಂಗಿಕೊಳ್ಳುತ್ತಿದ್ದೆವು. ಚಿತ್ರಕಲಾ ಪರಿಷತ್ತಿನ ಮೇಳದಲ್ಲಿ ಮಳಿಗೆ ಹಾಕಿ, ಆಳೆತ್ತರದ ಬ್ಯಾನರ್ ಕಟ್ಟಿದ್ದೆವು. ಎರಡನೇ ದಿನ ಸಂಜೆ ಒಬ್ಬ ಹುಡುಗಿ ಬ್ಯಾನರ್ ಮುಂದೆ ಬಹಳ ಹೊತ್ತು ನಿಂತಿದ್ದಳು. "ಅಕ್ಕ, ಇದು ನಾನೇ. ಇನ್‌ಸ್ಟಾಗ್ರಾಮ್‌ಗೆ ಮಾತ್ರ ಎಂದು ಹೇಳಿ ತೆಗೆದಿದ್ದರು. ಇದನ್ನು ನಮ್ಮ ಮನೆಯವರು ನೋಡಿದರೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಅವಳಿಂದ ಲಿಖಿತ ಒಪ್ಪಿಗೆಯನ್ನೇ ಪಡೆದಿರಲಿಲ್ಲ. ನಾವಿಬ್ಬರೂ ಅಲ್ಲೇ ಸ್ಟೂಲ್ ಹತ್ತಿ ಬ್ಯಾನರ್ ಬಿಚ್ಚಿದೆವು.

ರಾತ್ರಿ ಫೋಟೋಗ್ರಾಫರ್‌ಗೆ ಫೋನ್ ಮಾಡಿದರೆ, ಬ್ಯಾನರ್ ಹಾಕಿದ್ದಕ್ಕೆ ಇನ್ನೂ 12 ಸಾವಿರ ಕೊಡಬೇಕು ಎಂದರು. ಆಗ ಕೊಟೇಶನ್ ತೆಗೆದು ಓದಿದೆವು. ಎರಡನೇ ಪುಟದ ಕೆಳಗೆ ಸಾಸಿವೆ ಕಾಳಿನಂಥ ಅಕ್ಷರದಲ್ಲಿ: ಹಕ್ಕು ಸ್ಟುಡಿಯೊದ್ದು, ಬಳಕೆ ಸಾಮಾಜಿಕ ಜಾಲತಾಣದಲ್ಲಿ ಮಾತ್ರ, ಅವಧಿ ಒಂದು ವರ್ಷ.

ಪರಿಚಯದ ವಕೀಲರು ಅದನ್ನು ನೋಡಿ ನಕ್ಕರು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. "ಏನೂ ಬರೆದುಕೊಳ್ಳದೇ ಇದ್ದಿದ್ದರೆ ಇವು ನಿಮ್ಮವೇ ಆಗುತ್ತಿದ್ದವಲ್ಲಮ್ಮ" ಎಂದರು. ಎಲ್ಲವನ್ನೂ ಬರಹದಲ್ಲಿ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಬರೆದದ್ದನ್ನು ಓದದೆ ಸಹಿ ಹಾಕಿ ಕೈಯಲ್ಲಿದ್ದುದನ್ನೂ ನಾವು ಬಿಟ್ಟುಕೊಟ್ಟಿದ್ದೆವು.

ನೀವು ಯಾರನ್ನಾದರೂ ಗೊತ್ತುಮಾಡುವಾಗ ಅವರ ಆಯ್ದ ಹತ್ತು ಫೋಟೋ ನೋಡಿ ಮರುಳಾಗಬೇಡಿ. ನಿಮ್ಮಂಥದೇ ಸಾಮಾನಿನ ಒಂದು ಪೂರ್ತಿ ಶೂಟಿಂಗ್ ತೋರಿಸಿ ಎನ್ನಿ. ಮೊದಲ ಫೋಟೋ ತೆಗೆದ ಕೂಡಲೇ ಸಾಮಾನನ್ನು ಪರದೆಯ ಪಕ್ಕದಲ್ಲಿ ಹಿಡಿದು ಬಣ್ಣ ಹೋಲಿಸಿ. ಮಾಡೆಲ್‌ನ ಒಪ್ಪಿಗೆ ಪತ್ರದ ಪ್ರತಿಯಲ್ಲಿ ಬ್ಯಾನರ್, ಮುದ್ರಣ, ವೆಬ್‌ಸೈಟ್ ಎಲ್ಲದರ ಹೆಸರೂ ಇರಲಿ, ಅದು ಕೈಸೇರುವವರೆಗೆ ಬಾಕಿ ಹಣ ಕೊಡಬೇಡಿ.

12 ಸಾವಿರ ಕೊಡಲಿಲ್ಲ, ಇನ್ನೂ ಜಗಳ ನಡೆದಿದೆ. ಬರುವ ತಿಂಗಳಿಗೆ ಆ ಒಂದು ವರ್ಷವೂ ಮುಗಿಯುತ್ತದೆ. ದಿನಾ ಊಟವಾದ ಮೇಲೆ ನಾದಿನಿ ನಮ್ಮ ಪುಟದಿಂದ ಆ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಿದ್ದಾಳೆ. ನಿನ್ನೆಗೆ ಇಪ್ಪತ್ತಾರು ಆದವು.