ಮೂರನೆಯ ಜೇಮ್ಸ್‌ನ ತಾಮ್ರದ ಕಾಸು: ಕೊಳ್ಳುವವರು ನೋಡಬೇಕಾದದ್ದೇನು?

ಸ್ಕಾಟ್ಲೆಂಡನ್ನು 1460ರಿಂದ 1488ರವರೆಗೆ ಆಳಿದ ಮೂರನೆಯ ಜೇಮ್ಸ್‌ನ ಕಾಲದ ‘ಕ್ರುಕ್ಸ್ ಪೆಲ್ಲಿಟ್’ ಪೆನ್ನಿಯೊಂದನ್ನು ಈಚೆಗೆ ಬ್ರಿಟನ್ನಿನ ನಾಣ್ಯ ವ್ಯಾಪಾರಿಯೊಬ್ಬರಿಂದ ತರಿಸಿಕೊಂಡೆ. ಹೊಳಪಿಗೆ ಮನಸೋತು ನಾಣ್ಯ ಕೊಳ್ಳುವವರಿಗೆ ಇದು ಹೇಳಿ ಮಾಡಿಸಿದ ವಸ್ತುವಲ್ಲ. ತೆಳ್ಳಗಿನ ಕಂದು ಬಿಲ್ಲೆ, ಅಂಚು ಅಷ್ಟೇನೂ ದುಂಡಗಿಲ್ಲ, ಅಚ್ಚು ಒಂದು ಪಕ್ಕಕ್ಕೆ ಜಾರಿದೆ. ಮುಂಬದಿಯಲ್ಲಿ ಶಿಲುಬೆ ಹೊತ್ತ ರಾಜಗೋಳ ಮತ್ತು ಅರಸನ ಹೆಸರು. ಹಿಂಬದಿಯಲ್ಲಿ ನಾಲ್ಕು ಕಮಾನುಗಳ ಚೌಕಟ್ಟಿನೊಳಗೊಂದು ಶಿಲುಬೆ, ಅದರ ಸುತ್ತ ‘ಶಿಲುಬೆಯು ಸಕಲ ಪಾಪವನ್ನೂ ಓಡಿಸುತ್ತದೆ’ ಎಂಬ ಲ್ಯಾಟಿನ್ ಬರಹ. ಅದರ ಮೊದಲೆರಡು ಪದಗಳೇ ನಾಣ್ಯಕ್ಕೆ ಹೆಸರಾದ ‘ಕ್ರುಕ್ಸ್ ಪೆಲ್ಲಿಟ್’. ನನಗೆ ಬಂದದ್ದರಲ್ಲಿ ಈ ಬರಹದ ಕೊನೆಯ ಪದ ಪೂರ್ತಿ ಸವೆದಿದೆ, ಉಳಿದದ್ದನ್ನು ಭೂತಗನ್ನಡಿಯಿಲ್ಲದೆಯೇ ಓದಬಹುದು. ಈ ವರ್ಗದ ನಾಣ್ಯಕ್ಕೆ ಅದು ಒಳ್ಳೆಯ ಸ್ಥಿತಿಯೇ ಸರಿ.

ಆಕ್ಷೇಪವಿರುವುದು ಜೊತೆಗೆ ಬಂದ ಚೀಟಿಯ ಬಗ್ಗೆ. ಅದರಲ್ಲಿ ‘ಬಿಷಪ್ ಕೆನಡಿಯ ಪೆನ್ನಿ’ ಎಂದು ಬರೆದು, ಆ ಹೆಸರಿಗಾಗಿಯೇ ಬೆಲೆಯನ್ನು ಏರಿಸಲಾಗಿತ್ತು. ಸೇಂಟ್ ಆಂಡ್ರೂಸ್‌ನ ಬಿಷಪ್ ಜೇಮ್ಸ್ ಕೆನಡಿ 1450ರಲ್ಲಿ ಸ್ಥಾಪಿಸಿದ ಸೇಂಟ್ ಸಾಲ್ವೇಟರ್ ಕಾಲೇಜಿನ ಲಾಂಛನದಲ್ಲಿ ಇಂಥದೇ ಗೋಳವೂ ಶಿಲುಬೆಯೂ ಇರುವುದರಿಂದ ಹಿಂದಿನವರು ಇವನ್ನು ಆತನ ಲೆಕ್ಕಕ್ಕೆ ಹಾಕಿದ್ದರು. 1919ರಲ್ಲಿ ಏರ್‌ಶೈರ್‌ನ ಕ್ರಾಸ್‌ರಾಗುವೆಲ್ ಮಠದ ಹಳೆಯ ಚರಂಡಿಯಲ್ಲಿ ಇಂಥ ಪೆನ್ನಿಗಳೂ ತಾಮ್ರದ ಫಾರ್ದಿಂಗ್‌ಗಳೂ (ಕಾಲು ಪೆನ್ನಿಯ ಕಾಸುಗಳು) ರಾಶಿಯಾಗಿ ಸಿಕ್ಕಮೇಲೆ, ಮಠದಲ್ಲಿಯೇ ಟಂಕಸಾಲೆಯಿತ್ತೆಂಬ ವಾದ ಹುಟ್ಟಿತು. ಈಗ ಹೆಚ್ಚಿನ ವಿದ್ವಾಂಸರು ಇವನ್ನು ಅರಸನ ನಾಣ್ಯಗಳೆಂದೇ ಎಣಿಸುತ್ತಾರೆ. ಆದ್ದರಿಂದ ಬಿಷಪ್ಪನ ಹೆಸರಿಗೆ ಹೆಚ್ಚುವರಿ ಹಣ ತೆರುವುದು ಬೇಡ.

ಇದಕ್ಕಿಂತ ಕುತೂಹಲದ ವಸ್ತು ಫಾರ್ದಿಂಗ್. ಬೆಳ್ಳಿಯ ಪೆನ್ನಿ ಕೂಡ ಬಡವರ ದಿನದ ಕೊಳ್ಳುವಿಕೆಗೆ ದೊಡ್ಡದಾಗಿದ್ದ ಕಾಲದಲ್ಲಿ, ಜನರು ರೊಟ್ಟಿ ಮತ್ತು ಏಲ್ ಎಂಬ ಬಿಯರ್ ಕೊಳ್ಳಲು, ಬಡವರಿಗೆ ಭಿಕ್ಷೆ ನೀಡಲು ಚಿಲ್ಲರೆಯಿರಲೆಂದು, ಪೆನ್ನಿಗೆ ನಾಲ್ಕರಂತೆ ತಾಮ್ರದ ಕಾಸನ್ನು ಅಚ್ಚು ಹಾಕಲು 1466ರಲ್ಲಿ ಪಾರ್ಲಿಮೆಂಟ್ ಆಜ್ಞೆ ಮಾಡಿತು. ಕೆಲವು ಫಾರ್ದಿಂಗ್‌ಗಳ ಮೇಲೆ ‘ಬಡವರ ಹಣ’ ಎಂಬರ್ಥದ ಲ್ಯಾಟಿನ್ ಬರಹವೇ ಇದೆ, ಆದರೆ ಅದು ಪೂರ್ತಿ ಉಳಿದ ಕಾಸು ಸಿಗುವುದು ಅಪರೂಪ. ಇಂಥ ಕೀಳು ಹಣದ ಮೇಲಿನ ಸಿಟ್ಟು ಮುಂದೆ ರಾಜಕೀಯಕ್ಕೂ ಹಬ್ಬಿತು: 1482ರಲ್ಲಿ ಲಾಡರ್‌ನಲ್ಲಿ ಸರದಾರರು ಅರಸನನ್ನು ಸೆರೆಹಿಡಿದು ಆತನ ಆಪ್ತರನ್ನು ಗಲ್ಲಿಗೇರಿಸಿದಾಗ, ‘ಕಪ್ಪು ಹಣ’ ಎನಿಸಿಕೊಂಡಿದ್ದ ಈ ಕೀಳು ನಾಣ್ಯಗಳ ಚಲಾವಣೆಯೂ ನಿಂತಿತು.

ಕೊಳ್ಳುವ ಮೊದಲು ಎರಡೂ ಬದಿಯ ಚಿತ್ರವನ್ನು ಕೇಳಿ ಪಡೆಯಿರಿ. ಒರೆಸಿದರೆ ಪುಡಿಯಾಗಿ ಉದುರುವ ತಿಳಿಹಸಿರು ಕಿಲುಬಿದ್ದರೆ ಬಿಟ್ಟುಬಿಡಿ, ಅದು ತಾಮ್ರವನ್ನು ಒಳಗೊಳಗೇ ತಿನ್ನುತ್ತದೆ. ಗಟ್ಟಿಯಾಗಿ ಅಂಟಿಕೊಂಡ ಕಡುಹಸಿರು ಪದರದಿಂದ ಅಂಥ ಭಯವಿಲ್ಲ. ನನಗೆ ನಾಣ್ಯ ಬಂದದ್ದು ಪಿವಿಸಿ ಲಕೋಟೆಯಲ್ಲಿ, ತಾಮ್ರಕ್ಕೆ ಅದೂ ಒಳ್ಳೆಯದಲ್ಲ. ಕರಾವಳಿಯಲ್ಲಿರುವವರು ಕಾಗದದ ಲಕೋಟೆಗೆ ಬದಲಾಯಿಸಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿಡುವುದು ಕ್ಷೇಮ.